ಅಲುಗಾಡದಿದ್ದರೆ ಚುಕ್ಕಿ

ರಂಗೋಲಿ ಕಲ್ಲು ಕುಟ್ಟುವಾಗ ಒಂದು ತಣ್ಣನೆಯ ವಾಸನೆ ಬರುತ್ತದೆ. ಒದ್ದೆ ಸ್ಲೇಟಿನ ವಾಸನೆಗೆ ಹತ್ತಿರ, ಆದರೆ ಅದೇ ಅಲ್ಲ. ನಾನು ಚಿಕ್ಕವಳಾಗಿದ್ದಾಗ ನಮ್ಮಜ್ಜಿ ಹಿತ್ತಲಲ್ಲಿ ಆ ಕಲ್ಲು ಕುಟ್ಟಿ, ಹಳೆ ಪಂಚೆಯಲ್ಲಿ ಸೋಸುತ್ತಿದ್ದರು. ನಾನು ಮೂಗು ಬಿಳಿ ಮಾಡಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದೆ. ಇಷ್ಟು ವರ್ಷಗಳ ಮೇಲೆ, ಕಳೆದ ಚಳಿಗಾಲದ ಒಂದು ಭಾನುವಾರ ಬೆಳಗ್ಗೆ, ತಿಪಟೂರಿನ ನಮ್ಮ ಬೀದಿಯಲ್ಲಿ ಅದೇ ವಾಸನೆ ಕಾಂಪೌಂಡ್ ಗೋಡೆಯ ಆಚೆಯಿಂದ ಬಂತು. ಜೊತೆಗೆ ವೈರು ಸುಟ್ಟ ವಾಸನೆಯೂ ಬಂತು. ಪಕ್ಕದ ಮನೆ ಸದಾಶಿವಯ್ಯನವರ ಹೊಸ ಯಂತ್ರ ತಯಾರಾಗಿದೆ ಎಂದು ನನಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಅವರ ಬೋಳುತಲೆ ಕಾಣಿಸಿತು. ಪ್ರದರ್ಶನ ಇದೆ, ಬರಬೇಕು, ಬರುವಾಗ ಕುರ್ಚಿಯನ್ನೂ ತರಬೇಕು ಎಂದು ಆಹ್ವಾನವಾಯಿತು. ನಾನು ಕುರ್ಚಿಯನ್ನು ಅವರ ಗೇಟಿನ ಹೊರಗೆ, ಬೀದಿಯಲ್ಲೇ ಹಾಕಿಕೊಂಡು ಕೂತೆ. ಅವರ ಪ್ರದರ್ಶನಗಳನ್ನು ನೋಡಿ ಅನುಭವವಿರುವವರು ಯಾರೂ ಗೇಟಿನ ಒಳಗೆ ಕೂರುವುದಿಲ್ಲ. ತಾನಾಗಿ ತೆಂಗಿನಕಾಯಿ ತುರಿಯುವ ಯಂತ್ರ ಮಾಡಿದಾಗ ಅದು ಕಾಯಿ ಮುಗಿಸಿ, ಅಡುಗೆಮನೆಯ ಗೋಡೆಯನ್ನೂ ಕಿಟಕಿಯ ತನಕ ತುರಿದಿತ್ತು. ಸೊಳ್ಳೆ ಹಿಡಿಯುವ ಫ್ಯಾನು ಸೊಳ್ಳೆ ಬಿಟ್ಟು ಸೊಳ್ಳೆಪರದೆಯನ್ನು ನುಂಗಿತ್ತು.

ಸದಾಶಿವಯ್ಯನವರು ವಿದ್ಯುತ್ ಮೀಟರುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರು ಮಾಡಿದ ಯಂತ್ರದ ತಪ್ಪು ಹುಡುಕಿದ್ದಾಯಿತು, ಇನ್ನು ತಮ್ಮ ತಪ್ಪು ತಾವೇ ಮಾಡಬೇಕೆಂಬ ಆಸೆ ಅವರಿಗೆ.

ಗೇಟಿನ ಒಳಗೆ ನಿಂತಿದ್ದ ಯಂತ್ರದ ಹೆಸರು ಎಳೆಗಾರ. ಮಕ್ಕಳ ಸೈಕಲ್ಲಿನ ಮೂರು ಗಾಲಿ, ಹಳೇ ಮಿಕ್ಸಿಯ ಹೊಟ್ಟೆ, ತಲೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ. ಅದರ ನಡುವಿನಿಂದ ಹಳೇ ಟಿವಿ ಆಂಟೆನಾದ ಉದ್ದ ಪೈಪು ಮೇಲಕ್ಕೆ ಹೋಗಿ, ತುದಿಯಲ್ಲಿ ಒಂದು ಕ್ಯಾಮೆರಾ ನೆಲ ನೋಡಿಕೊಂಡು ನೇತಾಡುತ್ತಿತ್ತು. ಕೆಳಗೆ ಒಂದು ಕೊಳವೆ. ಅದರಿಂದ ರಂಗೋಲಿ ಪುಡಿ ಸುರಿಯಬೇಕು. ಪುಡಿ ಮುಗಿದರೆ ಎಲ್ಲಿ ಬಿಳಿ ಪುಡಿ ಕಂಡರೂ ತಾನೇ ಎಳೆದುಕೊಳ್ಳಲಿ ಎಂದು ಹಿಂದಿನಿಂದ ಕಸ ಹೀರುವ ಯಂತ್ರದ ಸೊಂಡಿಲನ್ನೂ ಸಿಕ್ಕಿಸಿದ್ದರು.

"ಇದು ಸುಮ್ಮನೆ ಯಂತ್ರ ಅಲ್ಲ ಲೀಲಕ್ಕ. ಇದು ಕಲಾವಿದ" ಎಂದರು ಸದಾಶಿವಯ್ಯ.

ಕಿಟಕಿಯಿಂದ ಅವರ ಹೆಂಡತಿ ಶಿವಗಂಗಮ್ಮನ ದನಿ ಬಂತು. "ಕಲಾವಿದನಿಗೆ ಹೇಳಿ, ನನ್ನ ಮಿಕ್ಸಿ ವಾಪಸ್ ಕೊಡಲಿ."

ಗಂಗಮ್ಮ ಕಿಟಕಿಯಲ್ಲೇ ಇದ್ದಳು. ಹೊರಗೆ ಬರಲಿಲ್ಲ. ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಮ್ಮ ಬೀದಿಯಲ್ಲಿ ರಂಗೋಲಿ ಎಂದರೆ ಗಂಗಮ್ಮನದು. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಬಿಟ್ಟವಳಲ್ಲ. ಅವಳ ಚುಕ್ಕಿಗಳು ಅಚ್ಚಿನಲ್ಲಿ ಒತ್ತಿದ ಹಾಗೆ ಬೀಳುತ್ತಿದ್ದವು, ಎಳೆ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಅವಳ ಕೈ ನಡುಗಲು ಶುರುವಾಯಿತು. ವಯಸ್ಸಿನ ನಡುಕ, ಭಯವೇನಿಲ್ಲ, ಆದರೆ ಹೋಗುವುದೂ ಇಲ್ಲ ಎಂದರು ಡಾಕ್ಟರು. ಒಂದು ಬೆಳಗ್ಗೆ ಅವಳು ಬಗ್ಗಿ ಎಳೆ ಎಳೆದಳು, ಅದು ಚೆಲ್ಲಾಪಿಲ್ಲಿಯಾಯಿತು. ಸುತ್ತ ನೋಡಿ, ಸೆರಗಿನಿಂದ ಒರೆಸಿ ಒಳಗೆ ಹೋದವಳು ಮತ್ತೆ ಬಾಗಿಲ ಮುಂದೆ ಬರಲಿಲ್ಲ. ಆಮೇಲೆ ಅವರ ಮನೆ ಮುಂದೆ ಬರೀ ನೀರು ಬೀಳುತ್ತಿತ್ತು. ಸದಾಶಿವಯ್ಯನವರು ತಾವೇ ಬಕೆಟ್ ತಂದು ಸುರಿಯುತ್ತಿದ್ದರು. ಎದುರು ಸಾಲಿನವರೆಲ್ಲ ತಮ್ಮ ರಂಗೋಲಿಯನ್ನು ಯಾರೂ ಹೇಳದೆಯೇ ಚಿಕ್ಕದು ಮಾಡಿಕೊಂಡರು. ನಾನೂ ನಾಲ್ಕು ಎಳೆ ಎಳೆದು ಒಳಗೆ ಬಂದುಬಿಡುತ್ತಿದ್ದೆ. ದೊಡ್ಡದು ಹಾಕಿದರೆ ಕಿಟಕಿಗೆ ಕಾಣುತ್ತದಲ್ಲ.

ಆಗ ಸದಾಶಿವಯ್ಯನವರು ತಂಗಿಯ ಮನೆಯಿಂದ ಒಂದು ಹಳೇ ಲ್ಯಾಪ್‌ಟಾಪ್ ಕೇಳಿ ತಂದು, ಕೋಡಿಂಗ್ ಕಲಿಯಲು ಕೂತರು. ಕಂಪ್ಯೂಟರಿಗೆ ನಿಯಮ ಮಾತ್ರ ಹೇಳಬೇಕು, ಚಿತ್ರ ಅದೇ ಬೆಳೆಸಿಕೊಳ್ಳುತ್ತದೆ. ಅಂಥ ಕಲೆಯ ಹೆಸರು ಜನರೇಟಿವ್ ಆರ್ಟ್ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ. ಇಂಗ್ಲಿಷ್ ಓದಿ ಹೇಳಲು ನನ್ನನ್ನು ಕರೆದರು. ನಾನು ಬಿ.ಎಸ್ಸಿ. ಮಾಡಿದ್ದು ಸಸ್ಯಶಾಸ್ತ್ರದಲ್ಲಿ ಎಂದರೆ, ಇದೂ ಬೆಳೆಯುವ ವಿಷಯವೇ ತಾನೇ ಎಂದುಬಿಟ್ಟರು.

ಮೊದಲ ಪಾಠ ಒಂದು ವೃತ್ತ. ಬಂದದ್ದು ಕಾಲು ವೃತ್ತ, ಪರದೆಯ ಎಡಗಡೆ ಮೇಲಿನ ಮೂಲೆಯಲ್ಲಿ, ಬಾಗಿಲ ಸಂದಿಯಿಂದ ಇಣುಕುವ ನೆಂಟನ ಹಾಗೆ. ಎಲ್ಲಿ ಬರೆಯಬೇಕೆಂದು ಹೇಳದಿದ್ದರೆ ಕಂಪ್ಯೂಟರು ಆ ಮೂಲೆಯಲ್ಲೇ ಬರೆಯುತ್ತದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅವರು ಅದನ್ನು ಅರ್ಧ ಬೀದಿಗೆ ತೋರಿಸಿ, ಚಂದ್ರ ಎಂದು ಹೇಳಿ ಬಂದಿದ್ದರು. ಎರಡನೆಯ ಪಾಠದಲ್ಲಿ ವೃತ್ತ ಓಡಿತು. ಹಿಂದಿನ ಚಿತ್ರ ಒರೆಸುವ ಸಾಲನ್ನು ಬರೆಯಲು ಮರೆತಿದ್ದರಿಂದ ಹೋದಲ್ಲೆಲ್ಲ ಬಾಲ ಬಿಟ್ಟುಕೊಂಡು ಓಡಿತು. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿತ್ತು. ನಾವಿಬ್ಬರೂ ಕಾಫಿ ಆರಿಸಿಕೊಂಡು ನೋಡುತ್ತ ಕೂತೆವು. ಎಲ್ಲೆಂದರಲ್ಲಿ ಹಾಕು ಎನ್ನುವ ರ್ಯಾಂಡಮ್ ಎಂಬ ಮಾತು ಕಲಿತ ದಿನ ಪರದೆಗೆ ಅಮ್ಮ ಎದ್ದ ಹಾಗೆ ಮೈತುಂಬ ಚುಕ್ಕಿ ಬಂತು. ಹದಿನಾಲ್ಕನೇ ಸಾಲಿನಲ್ಲಿ ತಪ್ಪಿದೆ ಎಂದು ಕಂಪ್ಯೂಟರು ಹೇಳಿದರೆ, ಹದಿನಾಲ್ಕನೇ ಸಾಲಲ್ಲಿ ಏನೂ ಇಲ್ಲವೇ ಇಲ್ಲ, ಖಾಲಿ ಸಾಲಿನಲ್ಲಿ ಹೇಗೆ ತಪ್ಪು ಮಾಡಲಿ ಎಂದು ಅದರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ತಪ್ಪು ಅದರ ಮೇಲಿನ ಸಾಲಿನಲ್ಲಿ ಇರುತ್ತಿತ್ತು.

ನಾನೂ ಒಂದು ಜರಿಗಿಡ ಬೆಳೆಸಿದೆ. ಪ್ರತಿ ಕಡ್ಡಿಗೂ ಎರಡು ಕಡ್ಡಿ ಹುಟ್ಟಲಿ ಎಂದು ಬರೆದೆ. ಹುಟ್ಟಿತು. ಎಲ್ಲಿ ನಿಲ್ಲಬೇಕು ಎಂದು ಹೇಳಿರಲಿಲ್ಲ. ಪರದೆ ಪೂರ್ತಿ ಹಸಿರಾಗಿ, ಲ್ಯಾಪ್‌ಟಾಪು ದೋಸೆ ಹುಯ್ಯುವಷ್ಟು ಬಿಸಿಯಾಗಿ, ಆರಿಹೋಯಿತು.

ರಂಗೋಲಿಯ ನಿಯಮ ಬರೆಯುವ ಹೊತ್ತು ಬಂದಾಗ ಸದಾಶಿವಯ್ಯನವರು ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಒಂದೊಂದೇ ಕೇಳಿದರು. ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಹೇಳಿದಳು. ಎಳೆ ಚುಕ್ಕಿಯನ್ನು ಮುಟ್ಟಬಾರದು, ಸುತ್ತಬೇಕು. ಒಂದು ಚುಕ್ಕಿಯೂ ಹೊರಗೆ ಉಳಿಯಬಾರದು. ಹೊರಟ ಜಾಗಕ್ಕೇ ಬಂದು ಸೇರಬೇಕು. ನಿಲ್ಲಿಸುವುದು ಯಾವಾಗ ಎಂದದ್ದಕ್ಕೆ, "ಚುಕ್ಕಿ ಮುಗಿದಾಗ. ಅದನ್ನೂ ಹೇಳಿಕೊಡಬೇಕೇನ್ರೀ?" ಎಂದಳು. ಚುಕ್ಕಿ ಎಂದರೇನು ಎಂಬ ಒಂದನ್ನು ಮಾತ್ರ ಅವರು ಅವಳನ್ನು ಕೇಳಲಿಲ್ಲ. ಅಷ್ಟು ನಮಗೆ ಗೊತ್ತಿಲ್ಲವೇ ಎಂದು ತಾವೇ ಬರೆದರು. ಮೇಲಿನಿಂದ ನೋಡಿದಾಗ ದುಂಡಗೆ ಕಂಡು, ಅಲುಗಾಡದೆ ಇದ್ದರೆ, ಅದು ಚುಕ್ಕಿ.

ಈಗ ಭಾನುವಾರಕ್ಕೆ ಬರುತ್ತೇನೆ.

ಸದಾಶಿವಯ್ಯನವರು ಗೇಟಿನ ಒಳಗಿನ ಅಂಗಳದಲ್ಲಿ ತಾವೇ ಅಳತೆಪಟ್ಟಿ ಇಟ್ಟು ಚುಕ್ಕಿ ಹಾಕಿ, ಯಂತ್ರದ ಬೆನ್ನಿನ ಸ್ವಿಚ್ ಒತ್ತಿ, ಹಿಂದೆ ಸರಿದು ನಿಂತರು. ಎಳೆಗಾರ ಒಮ್ಮೆ ಕೆಮ್ಮಿತು. ಕ್ಯಾಮೆರಾ ಅತ್ತ ಇತ್ತ ತಿರುಗಿತು. ಆಮೇಲೆ ಅದು ಹೊರಟ ಚಂದ ಹೇಳಲಾರೆ. ಬಾಗಿ, ಬಳುಕಿ, ಒಂದೂ ಚುಕ್ಕಿ ಮುಟ್ಟದೆ, ಬಿಳೀ ಎಳೆಯನ್ನು ನವಿರಾಗಿ ಬಿಡುತ್ತ ಹೋಯಿತು. ಒಂದೇ ಒಂದು ದೋಷ. ಎಳೆಯ ದಪ್ಪ ಹೇಳುವ ಕಡೆ ಅವರು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಯಾವುದೋ ಲೂಪನ್ನು ತಪ್ಪಾಗಿ ಸುತ್ತಿಸಿದ್ದರಿಂದ ಅದು ಒಂದು ಎಳೆ ಎಳೆಯುವ ಕಡೆ ಪಕ್ಕಪಕ್ಕಕ್ಕೆ ಹತ್ತಾರು ಎಳೆ ಎಳೆಯುತ್ತಿತ್ತು. ಗೆರೆ ಹೋಗಿ ಚಾಪೆಯಷ್ಟು ಅಗಲದ ಜರತಾರಿ ಅಂಚಾಯಿತು. ಸದಾಶಿವಯ್ಯನವರು ಕಿಟಕಿಯ ಕಡೆ ನೋಡಿ, ಹೇಗಿದೆ ಎಂದು ಹುಬ್ಬು ಹಾರಿಸಿದರು. ಕಿಟಕಿ, ಪುಡಿ ಜಾಸ್ತಿ ಖರ್ಚಾಗ್ತಿದೆ ಎಂದಿತು. ಆದರೆ ಕಿಟಕಿಯ ಪರದೆ ಇನ್ನಷ್ಟು ಸರಿಯಿತು.

ಚುಕ್ಕಿಗಳು ಮುಗಿದವು. ಯಂತ್ರ ನಿಲ್ಲಲಿಲ್ಲ. ಕ್ಯಾಮೆರಾ ಮೇಲಿನಿಂದ ಸುತ್ತ ನೋಡಿ, ಸದಾಶಿವಯ್ಯನವರ ತಲೆಯನ್ನು ಕಂಡಿತು. ದುಂಡಗಿತ್ತು. ಹೊಳೆಯುತ್ತಿತ್ತು. ಅವರು ಹೆಮ್ಮೆಯಿಂದ ಅಲುಗಾಡದೆ ನಿಂತಿದ್ದರು.

ಎಳೆಗಾರ ಭಕ್ತಿಯಿಂದ ಅವರ ಸುತ್ತ ಬಂತು. ಅಂಗಳದ ರಂಗೋಲಿಗೂ ಅವರ ಸುತ್ತಿನ ರಂಗೋಲಿಗೂ ಎಳೆ ಕೂಡಿಸಿ, ಅವರನ್ನು ನಟ್ಟನಡುವೆ ಇಟ್ಟು, ಗೇಟಿನ ಕಡೆ ತಿರುಗಿತು. ಅವರು ನಗುತ್ತ ಒಂದು ಕಾಲೆತ್ತಿದರು. ಕೆಳಗೆ ನೋಡಿದರು. ಎತ್ತಿದ ಕಾಲನ್ನು ಮೆಲ್ಲಗೆ ಮತ್ತೆ ಅಲ್ಲೇ ಇಟ್ಟರು. ಈಗ ತಾನೇ ಹಾಕಿದ ರಂಗೋಲಿಯನ್ನು ಯಾರಾದರೂ ತುಳಿಯುತ್ತಾರೆಯೇ? ದಾಟಿ ಹೋಗೋಣವೆಂದರೆ ಅಷ್ಟಗಲ, ಹಾರೋಣವೆಂದರೆ ಬೀಳುವುದೂ ರಂಗೋಲಿಯ ಮೇಲೇ. ಅದೂ ಹೆಂಡತಿ ನೋಡುತ್ತಿರುವಾಗ.

"ಸ್ವಿಚ್ ಎಲ್ಲಿದೆ?" ಎಂದು ಕೇಳಿದೆ.

"ಅದರ ಬೆನ್ನ ಮೇಲೆ" ಎಂದರು. ಬೆನ್ನು ಆಗಲೇ ಗೇಟು ದಾಟಿ ನನ್ನ ಕಡೆಗೆ ಬರುತ್ತಿತ್ತು. ನನ್ನ ತಲೆಯಲ್ಲಿ ಒಂದು ದುಂಡನೆಯ ಬಿಳೀ ತುರುಬಿದೆ. ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಕುರ್ಚಿ ಸಮೇತ ನಾನೂ ಚುಕ್ಕಿಯಾದೆ.

ಲ್ಯಾಪ್‌ಟಾಪ್ ಮುಚ್ಚು ಎಂದು ಸದಾಶಿವಯ್ಯನವರು ಒಳಗೆ ಕೂಗಿ ಹೇಳಿದರು. ಅದನ್ನು ಮುಟ್ಟಕೂಡದು ಎಂದವರು ನೀವೇ ಎಂದು ಗಂಗಮ್ಮ ಕಿಟಕಿಯಿಂದ ನೆನಪು ಮಾಡಿದಳು. ಈಗ ಮುಟ್ಟು ಎಂದರು. ಮುಟ್ಟಿದ ಮೇಲೆ ಕೆಟ್ಟರೆ ನನ್ನ ಮೇಲೆ ಹಾಕಬಾರದು ಎಂದಳು. ಹಾಕಲ್ಲ ಮಾರಾಯ್ತಿ ಎಂದರು. ಮುಚ್ಚಿದಳು. ಏನೂ ಆಗಲಿಲ್ಲ. ಹಿಂದಿನ ದಿನ ತಾವೇ ಆ ಪ್ರೋಗ್ರಾಮನ್ನು ಯಂತ್ರದ ಹೊಟ್ಟೆಗೆ ತುಂಬಿಸಿದ್ದು ಆಮೇಲೆ ಅವರಿಗೆ ನೆನಪಾಯಿತು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ನಮ್ಮ ಬೀದಿಯವರ ಸ್ವಭಾವವೇ ಕಾರಣ. ನಡೆಯುತ್ತಾ ಇದ್ದವರಿಗೆ ಎಳೆಗಾರ ಏನೂ ಮಾಡುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಇಂಥದ್ದೊಂದು ನಡೆಯುವಾಗ ನಡೆದು ಹೋಗುವವರು ಯಾರು? ಬಂದವರೆಲ್ಲ ನಿಂತರು. ನಿಂತು, ಏನಿದು ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಅವರ ಸುತ್ತ ಅಂಚು ಬಿದ್ದಾಗಿರುತ್ತಿತ್ತು. ಹೂವು ಮಾರುವಾಕೆ, ಅವಳ ಬುಟ್ಟಿ, ನೀರಿನ ಕೊಡ, ಮಲಗಿದ್ದ ಬೀದಿನಾಯಿ, ಯಾವುದನ್ನೂ ಅದು ಬಿಡಲಿಲ್ಲ. ನಾಯಿ ಸುರುಳಿ ಸುತ್ತಿ ಮಲಗಿತ್ತು, ಪಾಪ. ಎದ್ದು ನೋಡಿ, ವಾಸನೆ ಹಿಡಿದು, ಅದೂ ದಾಟಲಿಲ್ಲ. ಮತ್ತೆ ಮಲಗಿತು.

ಆಟೋ ಓಡಿಸುವ ಜಬ್ಬಾರ್ ಬಂದವನು ಇಳಿದು ನಿಂತ. ಅವನ ತಲೆಯ ಮೇಲೆ ಬಿಳೀ ಟೊಪ್ಪಿ, ಅದು ಅಂಗಳದ ಚುಕ್ಕಿಗಿಂತ ದುಂಡಗಿತ್ತು. ಸಿಕ್ಕಿಬಿದ್ದ ಮೇಲೆ ನಾನೇ ಅವನಿಗೆ ಹೇಳಿದೆ. ನೀನು ಗಟ್ಟಿಮುಟ್ಟಾಗಿದ್ದೀಯ, ತುಳಿದುಕೊಂಡು ಹೋಗಿ ಸ್ವಿಚ್ ಆರಿಸಿಬಿಡು, ಯಾರೂ ಏನೂ ಅನ್ನುವುದಿಲ್ಲ.

ಅವನು ಕಿಟಕಿಯ ಕಡೆ ಒಮ್ಮೆ ನೋಡಿದ. "ಬೇಡಮ್ಮ. ದಿನಾ ಆ ಅಮ್ಮ ಹಾಕ್ತಿದ್ದಾಗ ನಾನು ಆಟೋ ಸುತ್ತು ಹಾಕ್ಕೊಂಡು ಹೋಗ್ತಿದ್ದೆ. ಇವತ್ತು ಹೆಂಗೆ ತುಳೀಲಿ?" ಎಂದು, ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಟವೆಲನ್ನು ಉಂಡೆ ಮಾಡಿ ಕ್ಯಾಮೆರಾದ ಕಣ್ಣಿಗೆ ಗುರಿಯಿಟ್ಟು ಎಸೆದ. ತಪ್ಪಿತು. ಟವೆಲು ಉಂಡೆಯಾಗಿಯೇ ಬಿತ್ತು. ಎಳೆಗಾರ ಟವೆಲನ್ನೂ ಸುತ್ತಿತು.

ಬೀದಿಯ ಮೂಲೆಯ ಅಂಗಡಿ ಕೊಬ್ಬರಿ ರುದ್ರಪ್ಪನದು. ಅವನು ಅಂಗಡಿಯ ಮುಂದೆ ಉದ್ದಕ್ಕೂ ಚಾಪೆ ಹಾಸಿ, ಕೊಬ್ಬರಿ ಗಿಟುಕುಗಳನ್ನು ಬಿಸಿಲಿಗೆ ಹರವಿದ್ದ. ಲೆಕ್ಕವಿಲ್ಲದಷ್ಟು ದುಂಡನೆಯ ಗಿಟುಕು, ಒಂದೂ ಅಲುಗಾಡದೆ. ಅದನ್ನು ಕಂಡ ಎಳೆಗಾರ ಒಂದು ಕ್ಷಣ ನಿಂತೇಬಿಟ್ಟಿತು. ಮಿಕ್ಸಿಯ ಹೊಟ್ಟೆಯಿಂದ ಗುಡುಗುಡು ಸದ್ದು ಬಂತು. ಹಬ್ಬದ ಊಟದ ಎಲೆ ಮುಂದೆ ಕೂತವರಿಗೆ ಹಾಗಾಗುತ್ತದೆ. ಆಮೇಲೆ ಶುರು ಮಾಡಿತು. ಗಿಟುಕಿಗೊಂದು ಸುತ್ತು, ಸುತ್ತಿಗೊಂದು ಹೂವು, ಹೂವಿಗೊಂದು ಬಳ್ಳಿ. ರುದ್ರಪ್ಪ ಓಡಿ ಬಂದು, ಸದಾಶಿವಣ್ಣಾ, ಇದು ಮಾರೋ ಮಾಲು ಕಣಣ್ಣ, ನಿನ್ನ ಕಲೆ ನಿನ್ನ ಅಂಗಳದಲ್ಲಿ ಇಟ್ಕೋ ಎಂದು ಕೂಗಿದ. ಸದಾಶಿವಯ್ಯನವರು ಅಷ್ಟು ದೂರದಿಂದಲೇ, ಅಲುಗಾಡ್ತಾ ಇರು ರುದ್ರಪ್ಪ, ನಿಲ್ಲಬೇಡ ಎಂದು ಕೂಗಿದರು. ರುದ್ರಪ್ಪ ಸರಿಯಾಗಿ ಕೇಳಿಸಿಕೊಳ್ಳಲು ನಿಂತ.

ಅಷ್ಟರಲ್ಲಿ ಪುಡಿ ಮುಗಿಯಿತು. ಸದ್ಯ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಸೊಂಡಿಲು ರುದ್ರಪ್ಪನ ಅಂಗಡಿಯೊಳಗೆ ಹೋಯಿತು. ಮೊದಲು ಅಕ್ಕಿಹಿಟ್ಟಿನ ಮೂಟೆ ತೆಳ್ಳಗಾಯಿತು. ಆಮೇಲೆ ಸಕ್ಕರೆ ಮೂಟೆ. ರುದ್ರಪ್ಪನ ಸುತ್ತಿನ ಅಂಚು ಪೂರ್ತಿ ಸಕ್ಕರೆಯದೇ ಆಯಿತು, ಬಿಸಿಲಿಗೆ ಥಳಥಳ ಹೊಳೆಯಿತು. ಊರಿನ ಇರುವೆಗಳಿಗೆ ಯಾರು ಹೇಳಿ ಕಳಿಸಿದರೋ, ಸಾಲುಸಾಲಾಗಿ ಬಂದವು. ಎಳೆ ಹಿಡಿದುಕೊಂಡು, ತಿರುವಿದ್ದಲ್ಲಿ ತಿರುಗಿ, ಹೂವಿದ್ದಲ್ಲಿ ಸುತ್ತಿ ಹೋದವು. ಬಿಳೀ ರಂಗೋಲಿ ಕಪ್ಪಾಯಿತು. ಆಮೇಲೆ ಕಪ್ಪು ರಂಗೋಲಿ ಜಾಗ ಬಿಟ್ಟು ನಡೆಯತೊಡಗಿತು. ತಾನೇ ಬೆಳೆಯುವ ಚಿತ್ರ ಎಂದು ವಿಡಿಯೊದಲ್ಲಿ ಹೇಳಿದ್ದು ಇದನ್ನೇ ಇರಬೇಕು. ರುದ್ರಪ್ಪ ಒಂಟಿ ಕಾಲಲ್ಲಿ ನಿಂತು, ಇರುವೆಗಳ ಹಬ್ಬ ಮುಗಿಯಲಿ ಎಂದು ಕಾಯತೊಡಗಿದ.

ಬಿಸಿಲು ನೆತ್ತಿಗೆ ಬಂತು. ಬಿಸಿಲೇರಿದಷ್ಟೂ ಎಳೆಗಾರನಿಗೆ ಹುರುಪು. ಬೀದಿಯಲ್ಲಿ ನಾವೆಲ್ಲ ಒಬ್ಬೊಬ್ಬರು ರಂಗೋಲಿಯ ಒಂದೊಂದು ಕಣ್ಣಿನೊಳಗೆ ನಿಂತು, ಕೂತು, ಮಾತಾಡುತ್ತಿದ್ದೆವು. ಹೂವಿನಾಕೆ ತನ್ನ ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಆಚೆ ಈಚೆ ಇದ್ದವರಿಗೆಲ್ಲ ಎಸೆದಳು. ಜಬ್ಬಾರ್ ತನಗೆ ಬಂದದ್ದನ್ನು ನಾಯಿಗೆ ಎಸೆದ. ನಾಯಿ ಮೂಸಿ ಬಿಟ್ಟಿತು. ಜಗಳವೂ ನಡೆಯಿತು. ಆದರೆ ಜಗಳವಾಡುತ್ತಿದ್ದವರಿಗೆ ಹತ್ತಿರ ಬರಲಾಗುತ್ತಿರಲಿಲ್ಲವಾದ್ದರಿಂದ ಅದು ಬೇಗ ಸಪ್ಪೆಯಾಯಿತು.

ಸಪ್ಪೆಯಾದ ಆ ಹೊತ್ತಿನಲ್ಲೇ ಜಬ್ಬಾರ್ ಎದ್ದು ನಿಂತು ಬೀದಿಯ ಕೊನೆಯ ಕಡೆ ಕೈ ತೋರಿಸಿದ. ನಮ್ಮ ಬೀದಿ ಹೋಗಿ ಸೇರುವುದು ಹೆದ್ದಾರಿಗೆ. ಹೆದ್ದಾರಿಯ ಆಚೆ ಬದಿಯಲ್ಲಿ ಒಬ್ಬ ಎಳನೀರು ರಾಶಿ ಹಾಕಿಕೊಂಡು ಕೂರುತ್ತಾನೆ. ಹಸಿರು, ದುಂಡನೆಯ ರಾಶಿ. ಎಳೆಗಾರನ ಕ್ಯಾಮೆರಾ ಅತ್ತ ತಿರುಗಿ ನಿಂತಿತ್ತು. ನಡುವೆ ಒಂದರ ಹಿಂದೊಂದು ಲಾರಿ.

ಇಷ್ಟು ಹೊತ್ತು ಬೇರೆಯವರಿಗೆಲ್ಲ ಅದು ಹೇಗೆ ತಿರುಗುತ್ತದೆ, ಯಾಕೆ ತಿರುಗುತ್ತದೆ ಎಂದು ಪಾಠ ಹೇಳುತ್ತಿದ್ದ ಸದಾಶಿವಯ್ಯನವರು ಕತ್ತೆತ್ತಿ ಬೀದಿಯ ಕೊನೆಗೆ ನೋಡಿದರು. ಗೇಟಿನಿಂದ ಬೀದಿ ನೇರಕ್ಕೆ ಕಾಣುತ್ತದೆ. ಮೂರು ಗಾಲಿ ಉರುಳಿಕೊಂಡು, ಹಿಂದೆ ಬಿಳೀ ಅಂಚು ಬಿಡುತ್ತ, ಆಂಟೆನಾ ಓಲಾಡಿಸುತ್ತ ಅದು ಲಾರಿಗಳ ಕಡೆಗೆ ಹೋಗುತ್ತಿತ್ತು.

ನಾನು ಸಮಾಧಾನಕ್ಕೆ, ಇನ್ನೊಂದು ಮಾಡಿದರಾಯಿತು ಬಿಡಿ ಎಂದೆ.

"ಯಂತ್ರ ಹೋದ್ರೆ ಹೋಗ್ಲಿ ಲೀಲಕ್ಕ" ಎಂದರು. ದನಿ ಸಣ್ಣಗಾಗಿತ್ತು. "ನಾಳೆ ಬೆಳಗ್ಗೆ ಮತ್ತೆ ನಾನು ಬರೀ ನೀರು ಹಾಕ್ಬೇಕು. ಅವಳು ಮತ್ತೆ ಕಿಟಕೀಲಿ ನಿಂತ್ಕೋತಾಳೆ. ಬಾಗಿಲಿಗೆ ಬರ್ಲಿ ಅಂತ ಇಷ್ಟೆಲ್ಲ ಮಾಡಿದ್ದು."

ಅವರು ನನಗೆ ಮಾತ್ರ ಹೇಳಿದ್ದು. ಆದರೆ ಅವರ ಬೆನ್ನಿಗೇ ಕಿಟಕಿ ಇತ್ತು.

ಬಾಗಿಲ ಚಿಲಕದ ಸದ್ದಾಯಿತು. ಗಂಗಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಅವಳ ಹಳೇ ಹಿತ್ತಾಳೆ ಬಟ್ಟಲು, ಅದರ ತುಂಬ ರಂಗೋಲಿ ಪುಡಿ. ಬಟ್ಟಲಿನ ಅಂಚು ಅವಳ ಬಳೆಗೆ ತಗುಲಿ ಟಿಣಿಟಿಣಿ ಅನ್ನುತ್ತಿತ್ತು. ಬೀದಿಯಲ್ಲಿ ಅಷ್ಟು ಜನ ಇದ್ದೆವು. ಒಬ್ಬರಾದ ಮೇಲೆ ಒಬ್ಬರು ಬೇರೆ ಕಡೆ ನೋಡತೊಡಗಿದರು. ಒಂಟಿ ಕಾಲಲ್ಲಿದ್ದ ರುದ್ರಪ್ಪ ಕೂಡ ಆಕಾಶ ನೋಡಿದ.

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿದಳು. ರಂಗೋಲಿ ಹಾಕುವವಳಿಗೆ ರಂಗೋಲಿಯೊಳಗೆ ನಡೆಯಲು ಬರುತ್ತದೆ. ಎಳೆ ಕೂಡುವಲ್ಲಿ ಬಿಡುವ ಸಣ್ಣ ಕಣ್ಣುಗಳಲ್ಲಿ ಹೆಬ್ಬೆರಳು ಊರಿ, ಬಾಗಿ, ಒಂದು ಹರಳೂ ಕದಲಿಸದೆ ಹೋಗಬೇಕು. ನನಗೂ ಗೊತ್ತು, ಆದರೆ ನನ್ನ ಮಂಡಿಗಳಿಗೆ ಗೊತ್ತಿಲ್ಲ. ಗಂಗಮ್ಮ ಗಂಡನ ಪಕ್ಕ ಹಾದಳು, ನನ್ನ ಪಕ್ಕ ಹಾದಳು, ಕೊಬ್ಬರಿಯ ನಡುವೆ ತೂರಿದಳು. ಹೆದ್ದಾರಿಯ ಅಂಚಿಗೆ ಬರುವಷ್ಟರಲ್ಲಿ ಯಂತ್ರಕ್ಕಿಂತ ಮುಂದಿದ್ದಳು.

ಒಂದು ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು. ಬೆನ್ನಿನ ಸ್ವಿಚ್ಚಿಗೆ ಅವಳು ಕೈ ಹಾಕಲಿಲ್ಲ, ಹೊರಟ ಎಳೆ ಹೊರಟ ಜಾಗಕ್ಕೇ ಸೇರಬೇಕಲ್ಲ. ಎಳೆಗಾರನ ಮುಂದೆ, ಮನೆಯ ಕಡೆಗೆ ಸ್ವಲ್ಪ ವಾಲಿಸಿ, ಒಂದು ಚುಕ್ಕಿ ಇಟ್ಟಳು.

ಕೈ ನಡುಗಿತು. ಚುಕ್ಕಿ ಇಟ್ಟ ಜಾಗದಲ್ಲಿ ಬೀಳಲಿಲ್ಲ, ಅತ್ತ ಜಾರಿ, ಹುಣಸೆಬೀಜದ ಆಕಾರಕ್ಕೆ ಬಿತ್ತು. ಕ್ಯಾಮೆರಾ ಎಳನೀರನ್ನು ನೋಡಿತು, ಚುಕ್ಕಿಯನ್ನು ನೋಡಿತು. ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಹೋಗುವಷ್ಟು ಕೋಡಿಂಗ್ ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ಎಳೆಗಾರ ತಿರುಗಿ ಬಂದು ಚುಕ್ಕಿಯನ್ನು ಸುತ್ತಿತು. ಅವಳು ಇನ್ನೊಂದು ಇಟ್ಟಳು.

ಹಾಗೆ ಅವಳು ಹಿಂದೆ ಹಿಂದೆ ನಡೆಯುತ್ತ, ಅದು ಕರುವಿನ ಹಾಗೆ ಮುಂದೆ ಮುಂದೆ ಬರುತ್ತ, ಇಬ್ಬರೂ ಬೀದಿಗೆ ವಾಪಸ್ ಬಂದರು. ಆಗ ಒಂದು ವಿಷಯ ಗಮನಿಸಿದೆ. ಅಷ್ಟು ಹತ್ತಿರ ಬಗ್ಗಿದ್ದರೂ ಅದು ಅವಳನ್ನು ಮಾತ್ರ ಸುತ್ತಲು ಹೋಗಲಿಲ್ಲ. ಅವಳ ಕೈ ಒಂದು ಗಳಿಗೆಯೂ ಅಲುಗಾಡದೆ ಇರಲಿಲ್ಲವಲ್ಲ. ಇಡೀ ಬೀದಿಯಲ್ಲಿ ಆ ಯಂತ್ರಕ್ಕೆ ಚುಕ್ಕಿಯಾಗದೆ ಉಳಿದವಳು ಅವಳೊಬ್ಬಳೇ.

ಚುಕ್ಕಿಗಳು ಒಂದು ಸಾಲಿಗೂ ಬರಲಿಲ್ಲ. ಒಂದು ಮೇಲೆ, ಒಂದು ಕೆಳಗೆ, ಒಂದು ಎರಡಾಗಿ ಒಡೆದು. ಅಳತೆಪಟ್ಟಿಯ ಚುಕ್ಕಿಗೆ ಅಚ್ಚುಕಟ್ಟಾಗಿ ಎಳೆದಿದ್ದ ಎಳೆಗಾರ ಇಲ್ಲಿ ಬೇರೆ ಥರ ಎಳೆಯಿತು. ಅವಸರಪಟ್ಟು, ತಡೆದು, ಬಳಸಿ, ಗಾಳಿ ಬಂದಾಗ ಬಳ್ಳಿ ಹೇಗೆ ಹೋಗುತ್ತದೋ ಹಾಗೆ. ಸಸ್ಯಶಾಸ್ತ್ರ ಓದಿದವಳು ಹೇಳುತ್ತಿದ್ದೇನೆ, ಬಳ್ಳಿ ನಿಜವಾಗಿ ಹೋಗುವುದು ಹಾಗೆಯೇ. ಜಬ್ಬಾರ್ ಕೂತಲ್ಲಿಂದ ಎದ್ದು ನಿಂತು ನೋಡಿದ. ರುದ್ರಪ್ಪ ಎತ್ತಿದ ಕಾಲನ್ನು ಮರೆತು ಇಳಿಸಿದ, ಇರುವೆ ಕಚ್ಚಿದ ಮೇಲೆ ಮತ್ತೆ ಎತ್ತಿದ.

"ಇದಕ್ಕೆ ರ್ಯಾಂಡಮ್ ಅಂತಾರೆ ಗಂಗಾ" ಎಂದರು ಸದಾಶಿವಯ್ಯ ಗೇಟಿನ ಒಳಗಿಂದ. "ಎರಡು ತಿಂಗಳಿಂದ ನನಗೆ ಬರ್ಲಿಲ್ಲ."

"ಬಾಯಿ ಮುಚ್ಕೊಂಡು ನಿಂತಿರಿ. ಚುಕ್ಕಿ ಮಾತಾಡಬಾರದು" ಎಂದಳು ಗಂಗಮ್ಮ.

ಕೊನೆಯ ಚುಕ್ಕಿಯನ್ನು ಅವಳು ತನ್ನ ಹೊಸ್ತಿಲ ಮುಂದೆ ಇಟ್ಟಳು, ಬೆಳಗ್ಗೆ ಎಳೆ ಹೊರಟಿದ್ದ ಜಾಗದಲ್ಲಿ. ಎಳೆಗಾರ ಬಂದು ಅದನ್ನು ಸುತ್ತಿ, ತನ್ನ ಮೊದಲ ಎಳೆಗೆ ಕೊನೆಯ ಎಳೆಯನ್ನು ಸೇರಿಸಿತು. ಸುತ್ತ ನೋಡಿತು. ಅದರ ಕಣ್ಣಿಗೆ ಎಟುಕುವಷ್ಟರಲ್ಲಿ ಹೊರಗೆ ಉಳಿದ ಚುಕ್ಕಿ ಒಂದೂ ಇರಲಿಲ್ಲ. ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ರಂಗೋಲಿ, ಅದರೊಳಗೆ ನಾವೆಲ್ಲ.

ಯಾರೂ ಆಗಲೂ ಕದಲಲಿಲ್ಲ. ತುಳಿಯುವವರು ಯಾರು ಎಂಬ ಪ್ರಶ್ನೆ ಹಾಗೇ ಇತ್ತು. ಗಂಗಮ್ಮ, ಕೂಡಿಸಿದವಳು ನಾನು ತಾನೇ, ಅಳಿಸುವವಳೂ ನಾನೇ ಎಂದಳು. ಒಬ್ಬೊಬ್ಬರ ಹತ್ತಿರ ಬಂದು, ಅಂಗೈ ಬದಿಯಿಂದ ಅಂಚನ್ನು ಒರೆಸಿ ಒಂದು ಪುಟ್ಟ ಬಾಗಿಲು ಬಿಡಿಸಿದಳು. ಮೊದಲು ನಾಯಿಗೆ. ಆಮೇಲೆ ಹೂವಿನಾಕೆಗೆ, ಜಬ್ಬಾರನಿಗೆ. ರುದ್ರಪ್ಪನ ಅಂಚನ್ನು ಇರುವೆಗಳು ಅಷ್ಟರಲ್ಲಿ ಮನೆಗೆ ಸಾಗಿಸಿಬಿಟ್ಟಿದ್ದವು.

ನನಗೆ ಬಾಗಿಲು ಬಿಡಿಸಿದಾಗ ನಾನು ಅವಳ ಕೈ ಹಿಡಿದುಕೊಂಡು ಎದ್ದೆ. ನಾಳೆ ಬೆಳಗ್ಗೆ ರಂಗೋಲಿ ಎಷ್ಟು ಹೊತ್ತಿಗೆ ಎಂದು ಕೇಳಿದೆ. ದಿನಾ ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ ಎಂದಳು, ಈ ನಡುವಿನ ತಿಂಗಳುಗಳು ಬಂದೇ ಇಲ್ಲವೇನೋ ಎಂಬ ಹಾಗೆ.

ಗಂಡನಿಗೆ ಮಾತ್ರ ಅವಳು ಬಾಗಿಲು ಬಿಡಿಸಲಿಲ್ಲ. ನೇರ ಒಳಗೆ ಹೋದಳು. ಸದಾಶಿವಯ್ಯನವರು ರಂಗೋಲಿಯ ನಡುವೆ, ಬೆಳಗಿನಿಂದ ನಿಂತಲ್ಲೇ ನಿಂತು, ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಮಿಕ್ಸಿಯ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ.

ಗಂಗಮ್ಮ ತಟ್ಟೆ ಹಿಡಿದು ಬಂದಳು. ಬಿಸಿ ರಾಗಿಮುದ್ದೆ, ಅವರೆಕಾಳು ಸಾರು, ಪಕ್ಕಕ್ಕೊಂದು ಈರುಳ್ಳಿ ಹೋಳು. ಹೊಸ್ತಿಲ ಬಳಿ ನಿಂತಿದ್ದ ಎಳೆಗಾರ ಸಣ್ಣಗೆ ಗುರ್ ಎಂದಿತು, ಕ್ಯಾಮೆರಾ ಮೆಲ್ಲಗೆ ತಟ್ಟೆಯ ಕಡೆ ಬಾಗಿತು. ಅವಳು ಮುದ್ದೆಯ ಮೇಲೆ ಸೆರಗು ಮುಚ್ಚಿ, ಅಂಚಿನ ಆಚೆಯಿಂದ ತಟ್ಟೆಯನ್ನು ಅವರ ಕೈಗೆ ಕೊಟ್ಟಳು.